ಮಾಜಿ ಬಿಷಪ್ಪನ ವಂದನಾರ್ಪಣೆ

ಬಿಷಪ್ ಎಂದರೆ ಗಂಭೀರ ಮನುಷ್ಯ, ಅವನ ಸುತ್ತ ಗಂಭೀರವಾದದ್ದೇ ನಡೆಯುತ್ತದೆ ಎಂದು ಜನ ತಿಳಿದಿದ್ದಾರೆ. ನಾನೂ ಹಾಗೇ ತಿಳಿದು ಈ ಕೆಲಸಕ್ಕೆ ಬಂದವನು. ಯಲ್ಲಾಪುರದಲ್ಲಿ ಪಾದ್ರಿಯಾಗಿ ಶುರುಮಾಡಿ, ಸಿದ್ದಾಪುರ, ಶಿರಸಿ ಎಲ್ಲ ಸುತ್ತಿ, ಕೊನೆಗೆ ಬಿಷಪ್ ಆಗಿ, ಈಗ ನಿವೃತ್ತನಾಗಿ ಶಿರಸಿಯ ಬಾಡಿಗೆ ಮನೆಯಲ್ಲಿ ಕೂತಿದ್ದೇನೆ. ಇಷ್ಟು ವರ್ಷದಲ್ಲಿ ಒಂದೇ ಒಂದು ಕೆಲಸವಾದರೂ ನಾನು ಅಂದುಕೊಂಡ ಗಾಂಭೀರ್ಯದಲ್ಲಿ ಮುಗಿದದ್ದು ನೆನಪಿಲ್ಲ. ಪ್ರಾರ್ಥನೆ ಅರ್ಧಕ್ಕೆ ಬಂದಾಗ ಯಾರಾದರೊಬ್ಬರು ಹತ್ತಿರ ಬಂದು, "ಊಟ ಮೊದಲೋ, ಫೋಟೊ ಮೊದಲೋ?" ಎಂದು ಕಿವಿಯಲ್ಲಿ ಕೇಳಿಯೇ ಕೇಳುತ್ತಾರೆ. ಮೊದಮೊದಲು ಸಿಟ್ಟು ಬರುತ್ತಿತ್ತು. ಈಗ ಅದಕ್ಕೂ ತ್ರಾಣವಿಲ್ಲ. ದೇವರಿಗೆ ಹಾಸ್ಯಪ್ರಜ್ಞೆ ಇದೆಯೆಂದು ಬೋಧನೆಯಲ್ಲಿ ನಾನೇ ಎಷ್ಟೋ ಸಲ ಹೇಳಿದ್ದೇನೆ. ಅದನ್ನು ನನ್ನ ಮೇಲೇ ಇಷ್ಟು ಖರ್ಚು ಮಾಡುತ್ತಾನೆಂದು ಗೊತ್ತಿರಲಿಲ್ಲ.

ಹೆಂಡತಿ ಇರುವ ಫಾದರ್

ಯಲ್ಲಾಪುರಕ್ಕೆ ಹೊಸ ಪಾದ್ರಿಯಾಗಿ ಬಂದಾಗ ಮದುವೆಯಾಗಿ ವರ್ಷವೂ ಆಗಿರಲಿಲ್ಲ. ನಮ್ಮದು ಆಂಗ್ಲಿಕನ್ ಪದ್ಧತಿಯ ಸಭೆ, ಅಂದರೆ ಪ್ರಾಟೆಸ್ಟಂಟ್ ಚರ್ಚು. ನಮ್ಮಲ್ಲಿ ಪಾದ್ರಿಗಳು ಮದುವೆಯಾಗಬಹುದು, ಬಿಷಪ್ಪರೂ ಆಗಬಹುದು. ಆದರೆ ಯಲ್ಲಾಪುರದವರು ನೋಡಿದ್ದೆಲ್ಲ ಕ್ಯಾಥೊಲಿಕ್ ಫಾದರುಗಳನ್ನು. ಅವರಿಗೆ ಸಂಸಾರವಿಲ್ಲ.

ಬಾಡಿಗೆ ಮನೆ ನೋಡಲು ಹೆಂಡತಿಯನ್ನೂ ಕರೆದುಕೊಂಡು ಹೋದೆ. ಮನೆಯ ಮಾಲೀಕರು ಪೇಟೆಯಲ್ಲಿ ಕಿರಾಣಿ ಅಂಗಡಿ ಇಟ್ಟವರು, ಮರ್ಯಾದಸ್ಥ ಮನುಷ್ಯ. ನನ್ನ ಕೊರಳಿನ ಪಾದ್ರಿ ಕಾಲರ್ ನೋಡಿ ಎದ್ದು ನಿಂತರು.

"ಬರ್ಬೇಕು ಫಾದರ್, ಬರ್ಬೇಕು. ಇವರು ತಂಗಿಯೋ?"

"ಅಲ್ಲ, ನನ್ನ ಹೆಂಡತಿ."

ಅವರ ಮುಖ ಬಿಳುಚಿಕೊಂಡಿತು. ಬೀದಿಯ ಆಚೆ ಈಚೆ ನೋಡಿದರು. ನನ್ನ ಭುಜ ಹಿಡಿದು ಗೋದಾಮಿನ ಹಿಂದೆ ಕರೆದುಕೊಂಡು ಹೋಗಿ ದನಿ ತಗ್ಗಿಸಿದರು. "ಆಗಿದ್ದು ಆಗ್ಹೋಯ್ತು ಫಾದರ್. ವಯಸ್ಸು ಅಂಥಾದ್ದು. ಮನೆ ನಿಮಗೇ ಕೊಡ್ತೇನೆ. ನನ್ನ ಬಾಯಿಂದ ಒಂದು ಮಾತು ಹೊರಗೆ ಹೋಗೂದಿಲ್ಲ."

ಎಷ್ಟು ವಿವರಿಸಿದರೂ ಅವರು ನಂಬಲಿಲ್ಲ. "ಇರ್ಲಿ ಬಿಡಿ, ಇರ್ಲಿ ಬಿಡಿ" ಎಂದು ಕೈ ಅದುಮಿದರು. ಗುಟ್ಟು ಕಾಪಾಡುವಂತೆ ಓಣಿಯವರಿಗೆಲ್ಲ ಅವರೇ ಹೋಗಿ ಹೇಳಿ ಬಂದರು. ಓಣಿಯವರೂ ಬಹಳ ಒಳ್ಳೆಯವರು. ಕ್ಯಾಥೊಲಿಕ್ ಫಾದರ್ ಸ್ಕೂಟರ್ ಮೇಲೆ ಆ ಕಡೆ ಬಂದರೆ ಸಾಕು, ಪಕ್ಕದ ಮನೆಯಾಕೆ ಓಡಿ ಬಂದು, "ಅಕ್ಕಾ, ಬೇಗ ಒಳಗೆ ಹೋಗಿ, ದೊಡ್ಡ ಫಾದರ್ ಬಂದ್ರು!" ಎಂದು ನನ್ನ ಹೆಂಡತಿಯನ್ನು ಅಡುಗೆಮನೆಗೆ ದೂಡಿ ಬಾಗಿಲು ಹಾಕುತ್ತಿದ್ದರು.

ಮುಂಗಡ ಮಾತು

ಸಿದ್ದಾಪುರದಲ್ಲಿ ನಮ್ಮ ಸಭೆ ಎಂದರೆ ಬೆರಳೆಣಿಕೆಯ ಮನೆಗಳು. ಅದರ ಯಜಮಾನಿ ಒಬ್ಬ ಅಜ್ಜಿ. ಆಸ್ಪತ್ರೆಯಲ್ಲಿ ಆಯಾ. ಆಗಿನ್ನೂ ಅವರಿಗೆ ಅಜ್ಜಿಯಾಗುವ ವಯಸ್ಸಲ್ಲ. ಆದರೆ ಊರಲ್ಲಿ ಹುಟ್ಟಿದ ಮಕ್ಕಳಿಗೆಲ್ಲ ಮೊದಲ ಸ್ನಾನ ಮಾಡಿಸಿ ಮಾಡಿಸಿ ಆ ಹೆಸರು ಬಂದಿತ್ತು.

ಅವರ ಗಂಡ ತೀರಿಕೊಂಡಾಗ ನಾನು ಮಣ್ಣು ಮಾಡಬೇಕಾಯಿತು. ಅದು ನನ್ನ ಮೊದಲ ಅಂತ್ಯಕ್ರಿಯೆ. ಹೆದರಿಕೆಗೆ ಬೋಧನೆಯ ಒಂದು ಅಕ್ಷರವೂ ನೆನಪಾಗಲಿಲ್ಲ. ಪುಸ್ತಕದಲ್ಲಿದ್ದ ಪ್ರಾರ್ಥನೆ ಓದಿದೆ, ಮಣ್ಣು ಹಾಕಿದೆ, ಮುಗಿಯಿತು. ನನ್ನ ಬದುಕು ಅಲ್ಲಿಗೆ ಮುಗಿಯಿತೆಂದು ನಾನು ಕಂಗಾಲಾಗಿ ನಿಂತಿದ್ದಾಗ ಅಜ್ಜಿ ಬಂದು ನನ್ನ ಕೈ ಹಿಡಿದರು.

"ಭಾಳ ಚಲೋ ಹೂತ್ರಿ ಅಯ್ನೋರೆ. ಇನ್ನೊಬ್ರಾಗಿದ್ರೆ ಬಿಸಿಲಲ್ಲಿ ನಿಲ್ಸಿ ಮಧ್ಯಾಹ್ನದವರೆಗೂ ಭಾಷಣ ಮಾಡ್ತಿದ್ರು. ನನ್ನನ್ನೂ ನೀವೇ ಹೂಳ್ಬೇಕು. ಹೀಂಗೇ, ಚುಟುಕಾಗಿ. ಮಾತು ಕೊಡಿ."

ಗಂಡನ ಸಮಾಧಿಯ ಮುಂದೆ ನಿಂತು ಕೇಳಿದರೆ ಯಾರು ಇಲ್ಲವೆನ್ನುತ್ತಾರೆ? ಎಲ್ಲರ ಎದುರು ಮಾತು ಕೊಟ್ಟೆ. ಬಾಯಿಮಾತಿಗೆ ಕೊಟ್ಟದ್ದಲ್ಲ. ನನ್ನ ಸೋಲನ್ನು ಚಲೋ ಎಂದ ಮೊದಲ ವ್ಯಕ್ತಿ ಆಕೆ. ಏನೇ ಆಗಲಿ ಇದೊಂದನ್ನು ಮಾಡಿಯೇ ಸಾಯಬೇಕು ಎಂದು ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡೆ.

ಅಂದಿನಿಂದ ಅಜ್ಜಿಗೆ ನನ್ನ ಆರೋಗ್ಯದ ಚಿಂತೆ ಹತ್ತಿಕೊಂಡಿತು. ಆರಾಧನೆಯ ನಡುವೆ ನಾನೊಮ್ಮೆ ಕೆಮ್ಮಿದರೂ, ಮುಗಿದ ಮೇಲೆ ಕಷಾಯದ ಲೋಟ ಹಿಡಿದು ಬಾಗಿಲಲ್ಲಿ ನಿಂತಿರುತ್ತಿದ್ದರು. "ಕುಡೀರಿ ಅಯ್ನೋರೆ. ನೀವು ನನ್ನ ಮುಂಚೆ ಹೋದ್ರೆ ನನ್ನ ಹೆಣದ ಗತಿ ಎಂತ?"

ಕೋಲು

ನಾನು ಬಿಷಪ್ ಆದದ್ದು ಹೇಗೆಂದು ಕೇಳಬೇಡಿ. ಎರಡು ಗುಂಪಿನವರು ಜಗಳವಾಡಿ, ಯಾರಿಗೂ ಬೇಡವಾದವನನ್ನು ಆರಿಸಿದರು. ತಲೆಗೆ ಎತ್ತರದ ಟೊಪ್ಪಿ, ಕೈಗೆ ಕುರುಬನ ಕೋಲು ಬಂತು. ವಾಸ ಬಯಲುಸೀಮೆಯ ನಗರಕ್ಕೆ ಬದಲಾಯಿತು.

ಬಿಷಪ್ ಆಗಿ ಮೊದಲ ಸಲ ಶಿರಸಿಗೆ ಹೊರಟೆ. ಹುಡುಗ ಹುಡುಗಿಯರ ತಲೆಯ ಮೇಲೆ ಕೈಯಿಟ್ಟು, ಸಭೆಯ ಪೂರ್ಣ ಸದಸ್ಯರನ್ನಾಗಿ ಮಾಡುವ ದೃಢೀಕರಣ ಕೊಡುವುದಿತ್ತು. ಚುನಾವಣೆಯ ಕಾಲ. ಎಕ್ಕಂಬಿಯ ಹತ್ತಿರ ತಪಾಸಣೆಯವರು ಕಾರು ನಿಲ್ಲಿಸಿ ಡಿಕ್ಕಿ ತೆಗೆಸಿದರು.

"ಏನ್ರಿ ಇದು?"

"ಟೊಪ್ಪಿ."

"ಪಕ್ಷದ್ದಾ?"

"ದೇವರದ್ದು."

"ಮತ್ತ ಈ ಕೋಲು?"

"ಅದೂ ದೇವರದ್ದೇ."

ಅಧಿಕಾರಿ ತನ್ನ ಕಾಗದ ತಿರುವಿ ನೋಡಿದ. ಆ ಸಲ ಒಬ್ಬ ಪಕ್ಷೇತರ ಅಭ್ಯರ್ಥಿಗೆ ಊರುಗೋಲಿನ ಚಿಹ್ನೆ ಸಿಕ್ಕಿತ್ತಂತೆ. ಬೆಳ್ಳಿ ಕಟ್ಟಿದ ಕೋಲೆಂದ ಮೇಲೆ ಕೇಳಬೇಕೇ? "ಪ್ರಚಾರ ಸಾಮಗ್ರಿ" ಎಂದು ಇಳಿಸಿಕೊಂಡ. ನಾನು ವಾದ ಮಾಡಿದೆ. "ಎಲ್ಲಾ ಮುಗಿದ ಮ್ಯಾಲೆ ಬಂದು ಒಯ್ರಿ ಸರ" ಎಂದು ಬಹಳ ವಿನಯದಿಂದ ಹೇಳಿದ.

ಕೋಲಿಲ್ಲದ ಬಿಷಪ್ಪನನ್ನು ನೋಡಿ ಶಿರಸಿಯ ಹಿರಿಯರು ಗಾಬರಿಯಾದರು. ಹಿಂದಿನ ಬೆಂಚಿನಲ್ಲಿ ಕೂತಿದ್ದ ಒಬ್ಬ ಮುದುಕರ ಊರುಗೋಲನ್ನು ತಂದು ನನ್ನ ಕೈಗಿಟ್ಟರು. ಆ ಮುದುಕರು ಪಾಪ, ಆರಾಧನೆ ಮುಗಿಯುವವರೆಗೂ ಎದ್ದು ನಿಲ್ಲಲಾಗದೆ ನನ್ನನ್ನೇ ನೋಡುತ್ತಿದ್ದರು. ಮರುದಿನ ಪೇಪರಿನಲ್ಲಿ ಫೋಟೊ ಬಂತು. ಎತ್ತರದ ಟೊಪ್ಪಿ ಹಾಕಿ, ಊರುಗೋಲು ಎತ್ತಿ, ಜನರನ್ನು ಆಶೀರ್ವದಿಸುತ್ತಿರುವ ನಾನು.

ಮಧ್ಯಾಹ್ನಕ್ಕೆ ಆ ಅಭ್ಯರ್ಥಿ ದೊಡ್ಡ ಹಾರ ಹಿಡಿದು ಬಂದ. ಕಣ್ಣಲ್ಲಿ ನೀರು. "ಸ್ವಾಮಿ, ನನ್ನ ಮನೆಯವರೇ ನನ್ನ ಪರವಾಗಿ ಒಂದು ಮಾತಾಡಲಿಲ್ಲ. ಇಡೀ ಕ್ಷೇತ್ರದಲ್ಲಿ ಬಹಿರಂಗವಾಗಿ ಕೋಲು ಹಿಡಿದವರು ನೀವೊಬ್ಬರೇ!"

ಕಾಲು ತೊಳೆಯುವ ಗುರುವಾರ

ಶುಭ ಶುಕ್ರವಾರದ ಹಿಂದಿನ ದಿನ ಬಿಷಪ್ ಹನ್ನೆರಡು ಜನರ ಕಾಲು ತೊಳೆಯಬೇಕು. ಯೇಸು ತನ್ನ ಶಿಷ್ಯರ ಕಾಲು ತೊಳೆದದ್ದರ ನೆನಪಿಗೆ. ದೊಡ್ಡವನು ಸಣ್ಣವನಾಗುವ ದಿನ. ಒಂದು ವರ್ಷ ಇದನ್ನು ಶಿರಸಿಯಲ್ಲಿ ಇಟ್ಟುಕೊಂಡೆ.

ಆದರೆ ಈ ಕಡೆಯ ಜನಕ್ಕೆ ಸ್ವಾಮಿಗಳ ಪಾದಪೂಜೆ ಮಾಡಿ ಗೊತ್ತೇ ಹೊರತು ಸ್ವಾಮಿಗಳಿಂದ ಮಾಡಿಸಿಕೊಂಡು ಗೊತ್ತಿಲ್ಲ. ಅದು ಮತ ಯಾವುದೇ ಇರಲಿ. ನಾನು ಸೊಂಟಕ್ಕೆ ಟವಲ್ ಸುತ್ತಿ ಮೊದಲನೆಯವರ ಮುಂದೆ ಬಗ್ಗಿದೆ. ಅವರು "ಅಯ್ಯಯ್ಯೋ, ಪಾಪ ಬರ್ತದೆ!" ಎಂದು ಕುರ್ಚಿಯಿಂದ ಹಾರಿ ನನ್ನ ಕಾಲು ಹಿಡಿದರು. ಅದನ್ನು ನೋಡಿ ಉಳಿದವರೂ ಹಾರಿದರು. ಬೋಗುಣಿ ಮಗುಚಿತು. ಹನ್ನೆರಡು ಜನ ನನ್ನನ್ನು ಹಿಡಿದು ಕುರ್ಚಿಯ ಮೇಲೆ ಕೂರಿಸಿ ನನ್ನ ಕಾಲನ್ನು ತೊಳೆದರು. ಒಬ್ಬರು ಆ ನೀರನ್ನು ತಲೆಗೂ ಚಿಮುಕಿಸಿಕೊಂಡರು. ಸಣ್ಣವನಾಗಲು ಹೋದವನು ಅಷ್ಟು ದೊಡ್ಡವನಾಗಿ ಯಾವತ್ತೂ ಕೂತಿರಲಿಲ್ಲ.

ಮುಂದಿನ ವರ್ಷ ಕಾಲು ಕೊಡಲು ಒಬ್ಬರೂ ಒಪ್ಪಲಿಲ್ಲ. ಸಭೆಯ ಹಿರಿಯರು ಬಹಳ ಯೋಚಿಸಿ ಒಂದು ದಾರಿ ಹುಡುಕಿದರು. "ಅಯ್ನೋರೆ, ನಿಮ್ಮ ಡ್ರೈವರ್ ಇದ್ದಾನಲ್ಲ, ಅವನ ಕಾಲನ್ನೇ ಹನ್ನೆರಡು ಸಲ ತೊಳೆದ್ರೆ ಆಗದಾ?"

ಅಜ್ಜಿಗೆ ಜೋರು

ಒಂದು ಬೆಳಿಗ್ಗೆ ಸಿದ್ದಾಪುರದಿಂದ ಅಜ್ಜಿಯ ಸೊಸೆಯ ಫೋನು. "ಅಜ್ಜಿಗೆ ಜೋರಾಗಿದೆ ಅಯ್ನೋರೆ. ಡಾಕ್ಟರು ಮನೆಗೆ ಕರ್ಕೊಂಡು ಹೋಗಿ ಅಂದ್ರು. ನಿಮ್ಮನ್ನೇ ಕೇಳ್ತಿದಾರೆ."

ಕೊಟ್ಟ ಮಾತು ನೆನಪಾಯಿತು. ಎಲ್ಲ ಬಿಟ್ಟು ಹೊರಟೆ. ಆದರೆ ಬಿಷಪ್ ಎಂಬ ಪ್ರಾಣಿ ಸುಮ್ಮನೆ ಎಲ್ಲಿಗೂ ಹೋಗುವ ಹಾಗಿಲ್ಲ. ನನ್ನ ಕಾರ್ಯದರ್ಶಿ ಶಿರಸಿಗೆ ಹೇಳಿದ. ಶಿರಸಿಯವರು ಸಿದ್ದಾಪುರಕ್ಕೆ ಹೇಳಿದರು. ಕಾನಸೂರಿಗೆ ಬರುವಷ್ಟರಲ್ಲಿ ರಸ್ತೆಗೆ ಅಡ್ಡವಾಗಿ ಬೈಕುಗಳು, ಹಾರ, ಶಾಲು. "ಒಬ್ಬರು ಸಾಯ್ತಾ ಇದ್ದಾರೆ ಮಾರಾಯ್ರೆ, ಬಿಡಿ" ಎಂದು ಕೈಮುಗಿದೆ. "ಒಂದೇ ಫೋಟೊ" ಎಂದರು.

ಸಿದ್ದಾಪುರದಲ್ಲಿ ಅಜ್ಜಿಯ ಮನೆಯ ಮುಂದೆ ಶಾಮಿಯಾನ. 'ಪೂಜ್ಯ ಬಿಷಪ್ ಅವರಿಗೆ ಹಾರ್ದಿಕ ಸುಸ್ವಾಗತ' ಎಂಬ ಬ್ಯಾನರ್. ಅದರ ಕೆಳಗೆ ಹೊಸ ಸೀರೆ ಉಟ್ಟು, ಹೂ ಮುಡಿದು, ಕುರ್ಚಿಯಲ್ಲಿ ಕೂತು, ಕಾಫಿಗೆ ಸಕ್ಕರೆ ಕಡಿಮೆಯಾಯಿತೆಂದು ಸೊಸೆಗೆ ಬೈಯುತ್ತಿರುವವರು ಸಾಕ್ಷಾತ್ ಅಜ್ಜಿ!

"ಅಜ್ಜಿ, ನೀವು..."

"ಮನೆಗೆ ಬಿಷಪ್ಪರು ಬರ್ತಾರೆ ಅಂದ್ಮೇಲೆ ಸಾಯ್ತಾ ಮಲ್ಗಿರಕ್ಕಾಗ್ತದಾ ಅಯ್ನೋರೆ? ಮನೆಯೆಲ್ಲ ಹರಡಿ ಬಿದ್ದಿತ್ತು."

ಇದು ಒಂದು ಸಲವಲ್ಲ. ಆಮೇಲೂ ಹೀಗೇ ಎಷ್ಟೋ ಸಲ ಆಯಿತು. ಅಜ್ಜಿಗೆ ಜೋರು, ನನ್ನ ಓಟ, ಶಾಮಿಯಾನ, ಕಾಫಿ. ಬಿಷಪ್ಪರ ಕೈಗುಣ ಎಂದು ಯಲ್ಲಾಪುರದವರೂ ತಮ್ಮ ರೋಗಿಗಳಿಗೆ ನನ್ನನ್ನು ಕರೆಯಲು ಶುರುಮಾಡಿದರು. ಅಲ್ಲಿ ಮಾತ್ರ ನಾನು ಹೋಗಿ ನೋಡಿದವರೆಲ್ಲ ಸಂಜೆಯೊಳಗೆ ತೀರಿಕೊಂಡರು.

ಇದರಲ್ಲಿ ಸೋತದ್ದು ಅಜ್ಜಿಯ ಸೊಸೆ. ವರ್ಷಗಟ್ಟಲೆ ಎತ್ತಿ ಕೂರಿಸಿ ಮಲಗಿಸಿ ಮಾಡಿದವಳು. ಅತ್ತೆಯ ಮೇಲೆ ಪ್ರೀತಿಯೇನೂ ಕಡಿಮೆ ಇರಲಿಲ್ಲ, ಸೊಂಟ ಹೋಗಿತ್ತು ಅಷ್ಟೆ. ಕೊನೆಗೊಂದು ದಿನ ಫೋನಿನಲ್ಲಿ ಅವಳ ದನಿ ಬಹಳ ಮೆಲ್ಲಗೆ ಬಂತು. "ಅಜ್ಜಿಗೆ ಜೋರಾಗಿದೆ ಅಯ್ನೋರೆ. ನೀವು ಬರ್ಬೇಕು ಹೌದು. ಆದ್ರೆ ಈ ಸಲ ಒಂಚೂರು ತಡ ಮಾಡಿ ಬನ್ನಿ."

ದೇವರ ಕೆಲಸಕ್ಕೆ ನಿವೃತ್ತಿ

ಅಜ್ಜಿ ಆ ಸಲವೂ ಎದ್ದರು. ನಾನೇ ನಿವೃತ್ತನಾದೆ.

ನಮ್ಮಲ್ಲಿ ವಯಸ್ಸಾದರೆ ಬಿಷಪ್ಪರೂ ಮನೆಗೆ ಹೋಗಬೇಕು. ಹೋದ ಮೇಲೆ ಹೊಸ ಬಿಷಪ್ಪರ ಅನುಮತಿ ಇಲ್ಲದೆ ಬೋಧನೆ ಮಾಡುವ ಹಾಗಿಲ್ಲ, ಮದುವೆ ಮಾಡಿಸುವ ಹಾಗಿಲ್ಲ, ಹೆಣ ಹೂಳುವ ಹಾಗಿಲ್ಲ. ಹಳಬರು ಕೈಹಾಕಿದರೆ ಗುಂಪುಗಾರಿಕೆ ಶುರುವಾಗುತ್ತದೆ. ನಿಯಮ ಸರಿಯಾಗಿಯೇ ಇದೆ. ಆದರೆ ಭಾನುವಾರ ಹಿಂದಿನ ಬೆಂಚಿನಲ್ಲಿ ಕೂತು, ಇನ್ನೊಬ್ಬರು ತಪ್ಪು ರಾಗದಲ್ಲಿ ಹಾಡಿಸುವುದನ್ನು ಕೇಳುವಾಗ ಎದ್ದು ಹೋಗಿ ಸರಿಮಾಡಬೇಕೆನಿಸುತ್ತದೆ. ಹೆಂಡತಿಯ ಹತ್ತಿರ ಹೇಳಿಕೊಂಡೆ. ಅವಳು ಹಾವೇರಿ ಕಡೆಯವಳು, ಸುತ್ತಿಬಳಸಿ ಮಾತಾಡುವವಳಲ್ಲ. "ಜನ್ಮ ಪೂರ್ತಿ ನೀವು ಹಾಡಿಸಿದ್ದನ್ನ ನಾನು ಕೇಳಿಲ್ಲೇನ್ರೀ? ಈಗ ನೀವೂ ಕೇಳ್ರಿ."

ಪಕ್ಕದ ಮನೆಯಲ್ಲಿ ಒಬ್ಬ ಭಟ್ಟರಿದ್ದಾರೆ. ಸ್ವರ್ಣವಲ್ಲಿ ಮಠದ ಶಿಷ್ಯರು, ಸಜ್ಜನರು. ಬೇಲಿಯ ಆಚೆಯಿಂದ ಪರಿಚಯ ಮಾಡಿಕೊಂಡರು.

"ಬಿಷಪ್ ಅಂದ್ರೆ ನಮ್ಮ ಸ್ವಾಮಿಗಳಿದ್ದ ಹಾಗೇ, ಅಲ್ದಾ?"

"ಹೆಚ್ಚು ಕಡಿಮೆ ಹಾಗೇ. ಈಗ ರಿಟೈರ್ ಆಗಿದೆ."

ಭಟ್ಟರು ಸರಸರನೆ ಒಳಗೆ ಹೋದರು. ಗೋಡೆ ತೆಳುವಾದದ್ದರಿಂದ ಅವರು ಹೆಂಡತಿಗೆ ಹೇಳಿದ್ದು ಚೆನ್ನಾಗಿಯೇ ಕೇಳಿಸಿತು. "ದೇವ್ರ ಕೆಲ್ಸಕ್ಕೂ ರಿಟೈರ್ಮೆಂಟ್ ಇದ್ದಡೇ ಮಾರಾಯ್ತಿ! ತಾವೇ ಬಿಟ್ಟಿದ್ದೋ, ದೇವ್ರೇ ಬಿಡ್ಸಿದ್ದೋ, ಎಂತ ಕತೆಯನ."



ವಂದನಾರ್ಪಣೆ

ಹೋದ ಬೇಸಿಗೆಯಲ್ಲಿ ಅಜ್ಜಿಯ ಸೊಸೆ ಫೋನು ಮಾಡಿದಳು. "ಅಜ್ಜಿ ಹೋದ್ರು ಅಯ್ನೋರೆ" ಎಂದವಳು ಮುಂದೆ ಮಾತಾಡಲಾರದೆ ಅತ್ತಳು.

ನಾನೂ ಹೆಂಡತಿಯೂ ಬಸ್ಸು ಹಿಡಿದು ಹೊರಟೆವು. ಕಾನಸೂರಿನಲ್ಲಿ ಬೈಕೂ ಇಲ್ಲ, ಹಾರವೂ ಇಲ್ಲ. ದಾರಿಯುದ್ದಕ್ಕೂ ಹೊಸ ಬಿಷಪ್ಪರ ಫೋನಿಗೆ ಪ್ರಯತ್ನಿಸಿದೆ. ಅವರು ದೂರದ ಯಾವುದೋ ಸಮ್ಮೇಳನದಲ್ಲಿದ್ದರು. ಫೋನು ಬಂದ್ ಆಗಿತ್ತು.

ಸಿದ್ದಾಪುರದ ಸಭಾಪಾಲಕ, ಅಂದರೆ ಅಲ್ಲಿಯ ಪಾದ್ರಿ, ಹೊಸಬ, ಚಿಕ್ಕ ವಯಸ್ಸಿನವನು. ನನ್ನನ್ನು ಕಂಡದ್ದೇ ಓಡಿ ಬಂದು ಕೈಮುಗಿದ. "ನೀವು ಮಾತು ಕೊಟ್ಟಿದ್ದು ಊರಿಗೆಲ್ಲ ಗೊತ್ತು ಅಯ್ನೋರೆ. ಆದ್ರೆ ಅನುಮತಿ ಇಲ್ದೆ ನಿಮ್ಮ ಕೈಲಿ ಪ್ರಾರ್ಥನೆ ಮಾಡ್ಸಿದ್ರೆ ನಾಳೆ ನನಗೆ ನೋಟಿಸ್ ಬರ್ತದೆ. ದಯವಿಟ್ಟು ನನ್ನ ಹತ್ರ ಕೇಳ್ಬೇಡಿ."

ನಾನು ಕೇಳಲಿಲ್ಲ. ಅವನ ಮನೆಯಲ್ಲೂ ಮಕ್ಕಳಿದ್ದರು. ಸ್ಮಶಾನದ ಬೇಲಿಯ ಹತ್ತಿರ ಹೋಗಿ ನಿಂತೆ. ನಲವತ್ತು ವರ್ಷದ ಕೆಲಸದಲ್ಲಿ ಉಳಿದದ್ದು ಒಂದೇ ಒಂದು ಮಾತು, ಅದೂ ನನ್ನ ಕೈಯಲ್ಲಿಲ್ಲ ಎಂದು ದುಃಖವಾಯಿತು. ಹೆಂಡತಿ ಬಂದು ನನ್ನ ಕೈ ಹಿಡಿದಳು. ಅವಳು ಬೈಯದೆ ಕೈ ಹಿಡಿದರೆ ಪರಿಸ್ಥಿತಿ ಬಹಳ ಕೆಟ್ಟಿದೆ ಎಂದು ಅರ್ಥ.

ಅಷ್ಟರಲ್ಲಿ ಊರು ಬಂದು ಸೇರಿತ್ತು. ಅಜ್ಜಿಯ ಕೈಯಲ್ಲಿ ಮೊದಲ ಸ್ನಾನ ಮಾಡಿದವರೆಲ್ಲ ಬಂದಿದ್ದರು. ಶವಪೆಟ್ಟಿಗೆಯನ್ನು ತಮ್ಮ ಗಾಡಿಯಲ್ಲೇ ತರಬೇಕೆಂದು ಹಟ ಹಿಡಿದು ತಂದ ಲಾರಿ ಮಾಲೀಕ ಸಾಹೇಬರು, ತೋಟದವರು, ಅಂಗಡಿಯವರು. ಸಿದ್ದಾಪುರದಲ್ಲಿ ಇಷ್ಟು ಜನ ಒಂದೆಡೆ ಸೇರಿದರೆ ಸುಮ್ಮನಿರಲು ಸಾಧ್ಯವೇ? ಊರಿನ ಎಲ್ಲ ಸಮಾರಂಭಗಳ ನಿರೂಪಣೆ ಮಾಡುವ ನಿವೃತ್ತ ಹೆಡ್‌ಮಾಸ್ಟರು ಮೈಕು ತರಿಸಿಬಿಟ್ಟಿದ್ದರು. ಸ್ವಾಗತ, ಪ್ರಾಸ್ತಾವಿಕ, ನುಡಿನಮನ, ಅಧ್ಯಕ್ಷರ ಮಾತು ಎಲ್ಲ ಹಂಚಿಯೂ ಆಗಿತ್ತು.

"ಶ್ರೀಮತಿ ಅಜ್ಜಿಯವರ ಅಂತ್ಯಕ್ರಿಯೆ ಕಾರ್ಯಕ್ರಮಕ್ಕೆ ಆಗಮಿಸಿದ ಸರ್ವರಿಗೂ ಆದರದ ಸ್ವಾಗತ" ಎಂದು ಶುರುವಾಯಿತು. ನುಡಿನಮನದವರು ಒಬ್ಬೊಬ್ಬರೇ ಎದ್ದರು. ಅಜ್ಜಿಯ ಬಗ್ಗೆ ಶುರುಮಾಡಿ, ತಮ್ಮ ಹುಟ್ಟಿನ ಬಗ್ಗೆ ಹೇಳಿ, ಆಮೇಲೆ ತಮ್ಮ ಸಾಧನೆಗಳ ಬಗ್ಗೆ ಹೇಳಿದರು. ಬಿಸಿಲು ನೆತ್ತಿಗೆ ಬಂತು. ಯಾವುದು ಬೇಡವೆಂದು ಅಜ್ಜಿ ನನ್ನಿಂದ ಮಾತು ತೆಗೆದುಕೊಂಡಿದ್ದರೋ ಅದೇ ಅವರ ಪೆಟ್ಟಿಗೆಯ ಮುಂದೆ ನಡೆಯುತ್ತಿತ್ತು.

ಹೆಡ್‌ಮಾಸ್ಟರು ನನ್ನ ಹತ್ತಿರ ಬಂದು ಪಿಸುಗುಟ್ಟಿದರು. "ಕ್ಷಮಿಸಿ ಸರ್, ನೀವು ಬರ್ತೀರೋ ಇಲ್ವೋ ಗೊತ್ತಿರ್ಲಿಲ್ಲ. ಎಲ್ಲಾ ಹಂಚಿ ಹೋಯ್ತು. ವಂದನಾರ್ಪಣೆ ಒಂದು ಉಳಿದಿದೆ. ಮಾಡ್ತೀರಾ? ಆಮೇಲೆ ಪಾದ್ರಿಗಳು ಪ್ರಾರ್ಥನೆ ಮಾಡಿ ಇಳಿಸ್ತಾರೆ."

ಸ್ಮಶಾನದಲ್ಲಿ ವಂದನಾರ್ಪಣೆ! ಬೈದುಬಿಡೋಣ ಎಂದು ಬಾಯಿ ತೆರೆದೆ. ಆಗ ಹೊಳೆಯಿತು. ಬೋಧನೆ ಮಾಡಬಾರದು, ಪ್ರಾರ್ಥನೆ ಮಾಡಬಾರದು, ಆಶೀರ್ವಾದ ಕೊಡಬಾರದು. ವಂದನಾರ್ಪಣೆ ಮಾಡಬಾರದೆಂದು ಯಾವ ನಿಯಮದಲ್ಲೂ ಬರೆದಿಲ್ಲ.

ಮೈಕು ತೆಗೆದುಕೊಂಡೆ. ಮೈಕಿನವರಿಗೆ ವಂದಿಸಿದೆ, ಗುಂಡಿ ತೋಡಿದವರಿಗೆ ವಂದಿಸಿದೆ, ಗಾಡಿ ಕೊಟ್ಟ ಸಾಹೇಬರಿಗೆ ವಂದಿಸಿದೆ, ಇಷ್ಟು ವರ್ಷ ನೋಡಿಕೊಂಡ ಸೊಸೆಗೆ ವಂದಿಸಿದೆ. ಪೆಟ್ಟಿಗೆ ಇಳಿಸಲು ಹಗ್ಗ ಹಿಡಿದವರಿಗೆ ಕಣ್ಸನ್ನೆ ಮಾಡಿದೆ. ಅವರು ಇಳಿಸಿದರು. "ಈ ತಾಯಿಯನ್ನು ನಮಗೆ ಕೊಟ್ಟ ದೇವರಿಗೆ ವಂದನೆಗಳು. ಅವಳ ಆತ್ಮವನ್ನು ತನ್ನ ಬಳಿಗೆ ಕರೆದುಕೊಂಡ ಕರ್ತನಿಗೆ ವಂದನೆಗಳು." ಬಗ್ಗಿ ಒಂದು ಹಿಡಿ ಮಣ್ಣು ತೆಗೆದೆ. "ಮಣ್ಣಿನಿಂದಾದ ದೇಹವನ್ನು ಮಣ್ಣಿಗೆ ಸೇರಿಸಿಕೊಳ್ಳುತ್ತಿರುವ ಈ ನೆಲಕ್ಕೆ ವಂದನೆಗಳು. ಮತ್ತೆ ಎಬ್ಬಿಸುತ್ತೇನೆಂದು ಮಾತು ಕೊಟ್ಟಿರುವವನಿಗೆ ವಂದನೆಗಳು." ಮಣ್ಣು ಹಾಕಿದೆ. ಪುಸ್ತಕದಲ್ಲಿದ್ದದ್ದು ಒಂದೂ ಬಿಡಲಿಲ್ಲ. ಸಭಾಪಾಲಕ ತಲೆ ತಗ್ಗಿಸಿಕೊಂಡು ಮೆಲ್ಲಗೆ "ಆಮೆನ್" ಎಂದ. ತನ್ನ ಪುಸ್ತಕವನ್ನು ಮುಚ್ಚಿ ಜೇಬಿಗೆ ಹಾಕಿಕೊಂಡ.

ವಂದನಾರ್ಪಣೆ ಮುಗಿಯಿತೆಂದು ಇಡೀ ಸಿದ್ದಾಪುರ ಚಪ್ಪಾಳೆ ತಟ್ಟಿತು. ನಾನು ಅಳುತ್ತಿದ್ದೆ, ಅವರು ತಟ್ಟುತ್ತಿದ್ದರು.

ಮೈಕು ಬಿಟ್ಟು ಈಚೆ ಬಂದಾಗ ಹೆಡ್‌ಮಾಸ್ಟರು ಕೈಹಿಡಿದು ಪಕ್ಕಕ್ಕೆ ಕರೆದರು. ಅವರ ಮುಖ ಸಣ್ಣಗಾಗಿತ್ತು. ಇವರಿಗಾದರೂ ಅರ್ಥವಾಯಿತೇನೋ ಎಂದುಕೊಂಡೆ.

"ಸರ್, ಚಲೋ ಆಯ್ತು. ಆದ್ರೆ ಒಬ್ಬರ ಹೆಸರು ಬಿಟ್ಟು ಹೋಯ್ತು."

"ಯಾರದ್ದು?"

"ನಿರೂಪಣೆ ಮಾಡಿದ್ದು ನಾನಲ್ವಾ ಸರ್?"

ಕಣ್ಣೊರೆಸಿಕೊಂಡು ಮೈಕಿನ ಹತ್ತಿರ ವಾಪಸ್ ಹೋದೆ. ಅವರಿಗೂ ವಂದಿಸಿದೆ. ಅಜ್ಜಿಗೆ ಬಿದ್ದದ್ದಕ್ಕಿಂತ ಜೋರಾದ ಚಪ್ಪಾಳೆ ಅವರಿಗೆ ಬಿತ್ತು.